ಒಪ್ಪುವವರು ಕೈ ಎತ್ತಿ

ಎಡಗೆನ್ನೆ ಬೋಳಿಸಿ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚುವಾಗ ಅವನಿಗೆ ತಾನು ತಲೆಯಾಡಿಸಿದ್ದು ಮತ್ತೆ ನೆನಪಾಯಿತು. ಕನ್ನಡಿಯೊಳಗಿನವನು ಈಗ ಆಡಿಸುತ್ತಿರಲಿಲ್ಲ. ರೇಜರು ಹಿಡಿದು, ಕತ್ತು ನೆಟ್ಟಗೆ ಮಾಡಿಕೊಂಡು, ಯಾವ ತಪ್ಪನ್ನೂ ಮಾಡದವನ ಹಾಗೆ ನಿಂತಿದ್ದ. ಆದರೆ ಹೋದ ವಾರ ಮಂತ್ರಿಗಳ ಕಚೇರಿಯ ಲಿಫ್ಟಿನಲ್ಲಿ ಆಡಿಸಿದ್ದು ಇದೇ ತಲೆ. ಮಂತ್ರಿಗಳ ಆಪ್ತ ಸಹಾಯಕ, ದಪ್ಪ ಕನ್ನಡಕದವನು, ಬಾಗಿಲ ಮೇಲೆ ಇಳಿಯುತ್ತಿದ್ದ ಅಂತಸ್ತಿನ ಅಂಕಿಗಳನ್ನು ನೋಡುತ್ತ, ಹವಾಮಾನದ ಮಾತಾಡುವವನ ಹಾಗೆ ಹೇಳಿದ್ದ: "ಕರೆಂಟಿನ ದರ ಮಾತ್ರ ಚುನಾವಣೆ ಆದ ಮೇಲೆ ಏರಿಸಲೇಬೇಕು. ಬೇರೆ ಗತಿ ಇಲ್ಲ. ಈಗಲೇ ಹೇಳಿ ನಿಮ್ಮವರ ತಲೆ ಯಾಕೆ ಕೆಡಿಸೋದು, ಅಲ್ವಾ?" ಅವನು ಒಪ್ಪಿದೆ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಕತ್ತು ತಾನಾಗಿ ಒಮ್ಮೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಂತು, ಅಷ್ಟೇ. ಬಾಗಿಲು ತೆರೆಯಿತು, ಕಾವಲಿನವನು ಸಲಾಮು ಹೊಡೆದ. ಅದೇ ಕಾವಲಿನವನು ಬೆಳಿಗ್ಗೆ ಅವನನ್ನು ಗೇಟಿನ ಹೊರಗೆ ನಿಲ್ಲಿಸಿ, ಅವನ ಚೀಲ ತೆಗೆಸಿ, ಊಟದ ಡಬ್ಬಿಯ ಮುಚ್ಚಳ ಕೂಡ ಬಿಚ್ಚಿಸಿ ನೋಡಿದ್ದ. ಸಂಜೆಯ ಸಲಾಮು ಅವನಿಗೆ ಹಿತವಾಗಿತ್ತು. ಹಿತವಾಗಿತ್ತು ಎನ್ನುವುದೇ ಈಗ ಚುಚ್ಚುತ್ತಿತ್ತು. "ಎಷ್ಟು ಹೊತ್ತು ಆ ಮುಖ ನೋಡ್ಕೊತೀರಾ? ನೋಡಿದಷ್ಟೂ ಅದೇನು ಚೆನ್ನಾಗಾಗಲ್ಲ," ಎಂದಳು ಹೆಂಡತಿ ಅಡುಗೆಮನೆಯಿಂದ. ನಗಬೇಕು ಅನ್ನಿಸಿತು, ನೊರೆಯೊಳಗೆ ತುಟಿ ಅಲುಗಾಡಲಿಲ್ಲ.

ಇವತ್ತು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಸಭೆ. ಬಾಟಲಿ ಕಾರ್ಖಾನೆಯ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ ಅವನು ಒಪ್ಪಂದವನ್ನು ಓದಬೇಕು, ಜನ ಕೈ ಎತ್ತಬೇಕು. ಒಪ್ಪಂದದಲ್ಲಿ ಗೂಢವೇನಿಲ್ಲ. ಬೆಲೆ ಏರಿತು ಅಂತ ಸಂಬಳ, ಸಂಬಳ ಏರಿತು ಅಂತ ಬೆಲೆ, ಹೀಗೆ ವರ್ಷಗಟ್ಟಲೆ ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಓಡಿದ್ದು ಸಾಕು, ಈ ಒಂದು ವರ್ಷ ಎಲ್ಲರೂ ಒಟ್ಟಿಗೆ ನಿಲ್ಲೋಣ ಎಂಬುದು ಅದರ ಸಾರ. ಕಾರ್ಮಿಕರು ಬೆಲೆ ಏರಿದಷ್ಟೇ ಸಂಬಳವೂ ಏರಲಿ ಎನ್ನದೆ ಅದರ ಅರ್ಧಕ್ಕೆ ಒಪ್ಪುವುದು, ಮಾಲೀಕರು ಸರಕಿನ ಬೆಲೆ ಏರಿಸದಿರುವುದು, ಸರಕಾರ ತನ್ನ ದರಗಳನ್ನು ಹಿಡಿದಿಡಲು ಪ್ರಯತ್ನಿಸುವುದು, ದೇಶದ ದೊಡ್ಡ ಬ್ಯಾಂಕು ಬಡ್ಡಿ ಏರಿಸದಿರುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನಿಗೆ ಇದರಲ್ಲಿ ನಂಬಿಕೆ ಇತ್ತು. ಅದೇ ದೊಡ್ಡ ಕಷ್ಟ. ನಂಬಿಕೆ ಇಲ್ಲದಿದ್ದರೆ ಕರೆಂಟಿನ ವಿಷಯವನ್ನು ಸಭೆಯಲ್ಲಿ ಚೆಲ್ಲಿ, ಕೈ ಕೊಡವಿಕೊಂಡು ಮನೆಗೆ ಬಂದು ಮಲಗಬಹುದಿತ್ತು. ಹೋದ ವಾರದ ಮಾತುಕತೆಯಲ್ಲಿ ಉದ್ದನೆಯ ಮೇಜಿನ ಕೊನೆಯಲ್ಲಿ ಕೂತಿದ್ದ ಬ್ಯಾಂಕಿನ ಮುಖ್ಯಸ್ಥೆಯ ಸಣ್ಣ ದನಿ ಅವನ ಕಿವಿಯಲ್ಲಿ ಇನ್ನೂ ಇತ್ತು. "ಬೆಲೆ ಇಳಿಸೋದು ನನಗೆ ಗೊತ್ತು. ಬಡ್ಡಿ ಏರಿಸ್ತೀನಿ. ಸಾಲ ಸಿಗದೆ ಕಾರ್ಖಾನೆಗಳು ಮುಚ್ತಾವೆ, ಕೆಲಸ ಹೋದವರು ಏನೂ ಕೊಳ್ಳಲ್ಲ, ಬೆಲೆ ಇಳಿಯುತ್ತೆ. ಅದು ಒಂದು ದಾರಿ. ಎಲ್ಲರೂ ಕೂಗ್ತಿರೋ ಕೋಣೇಲಿ ಮೊದಲು ದನಿ ತಗ್ಗಿಸೋನ ಮಾತು ಮುಳುಗಿ ಹೋಗುತ್ತೆ, ಅದಕ್ಕೇ ಯಾರೂ ತಗ್ಗಿಸಲ್ಲ. ನೀವೆಲ್ಲ ಒಟ್ಟಿಗೆ ತಗ್ಗಿಸಿದ್ರೆ ನಾನು ಆ ದಾರಿ ಹಿಡಿಯಲ್ಲ." ಅವಳು ಬೆದರಿಸುತ್ತಿರಲಿಲ್ಲ, ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಹೇಳುತ್ತಿದ್ದಳು. ಮಂತ್ರಿಗಳು ಅವನ ಹೆಗಲ ಮೇಲೆ ಕೈ ಹಾಕಿ, "ಕಾನೂನು ಮಾಡಿ ಈಯಮ್ಮನ್ನ ಕೂರಿಸಿದ್ದು ನಾವೇ. ಈಗ ನಮಗೇ ಒಂದು ಕಾಸು ಸಾಲ ಕೊಡಲ್ಲ ಅಂತಾರೆ," ಎಂದು ನಕ್ಕಿದ್ದರು. ಸರಕಾರ ಕರೆಂಟಿನ ದರವನ್ನು ಇಷ್ಟು ದಿನ ತಗ್ಗಿಸಿಟ್ಟದ್ದು ಆ ಸಾಲದಿಂದಲೇ, ಅದು ನಿಂತದ್ದರಿಂದಲೇ ದರ ಏರುವುದು ಎಂದು ಆಗ ಅವನಿಗೆ ಹೊಳೆದಿರಲಿಲ್ಲ. ಆಮೇಲೆ ಮಂತ್ರಿಗಳು ದನಿ ತಗ್ಗಿಸಿ ಹೇಳಿದ್ದರು: "ಬೆಲೆ ಇಳಿಸ್ತೀವಿ, ಇಳಿಸ್ತೀವಿ ಅಂತ ಹೇಳಿ ಹೇಳಿ ನಮ್ಮ ಬಾಯಿಗೆ ಬೆಲೆ ಇಲ್ಲ. ನಿಮ್ಮ ಮಾತಿಗಿದೆ. ಅದನ್ನ ನಮಗೆ ಸ್ವಲ್ಪ ಕೊಡಿ." ಅವನು ಹಿಗ್ಗಿದ್ದ. ಹಿಗ್ಗಿದವನ ಕತ್ತು ಲಿಫ್ಟಿನಲ್ಲಿ ಸಲೀಸಾಗಿ ಬಾಗದೆ ಏನು ಮಾಡುತ್ತದೆ?

ಬೀದಿಯ ತಿರುವಿನಲ್ಲಿ ಅಂಗಡಿಯವನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ಬೆಲೆಗಳನ್ನು ಬರೆಯುತ್ತಿದ್ದ. ಬಣ್ಣದಲ್ಲಿ ಬರೆಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನನ್ನು ಕಂಡದ್ದೇ ಕೈ ನಿಲ್ಲಿಸಿ, ಸೀಮೆಸುಣ್ಣವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಕೇಳಿದ: "ಇವತ್ತಲ್ವಾ ನಿಮ್ಮ ಸಭೆ? ನಿಜವಾಗಲೂ ನಿಲ್ಲುತ್ತೇನ್ರಿ ಈ ಬೆಲೆ ಏರೋದು? ಎಣ್ಣೆ, ಸೋಪು ಎರಡಕ್ಕೂ ಇವತ್ತು ಏರಿಸೋಣ ಅಂತಿದ್ದೆ. ನಾಳೆ ಸರಕು ತರೋವಾಗ ಏರಿರುತ್ತಲ್ಲ, ಆ ಭಯಕ್ಕೆ. ನಿಲ್ಲುತ್ತೆ ಅಂತ ನೀವು ಹೇಳಿದ್ರೆ ಏರಿಸಲ್ಲ." ಅವನು ಹಲಗೆ ನೋಡಿದ. ಅರ್ಧ ಅಳಿಸಿದ ಹಳೆಯ ಅಂಕಿಯ ಮೇಲೆ ಹೊಸ ಅಂಕಿಯ ಮೊದಲ ಗೀಟು ಬಿದ್ದಿತ್ತು. ಈ ಮನುಷ್ಯ ತೂಕದಲ್ಲಿ ಮೋಸ ಮಾಡುತ್ತಾನೆ ಎಂದು ಹೆಂಡತಿ ದಿನವೂ ಗೊಣಗುತ್ತಾಳೆ; ಅಂಥವನು ಕೂಡ ಇವತ್ತು ಅವನ ಬಾಯನ್ನು ಕಾಯುತ್ತಿದ್ದಾನೆ. "ಸ್ವಲ್ಪ ಕಾಯಿರಿ," ಎಂದ. ಕಾಯಿರಿ ಎಂದರೆ ಯಾವ ಅರ್ಥವೂ ಆಗಬಹುದಿತ್ತು. ಅಂಗಡಿಯವನು ಒಂದೇ ಅರ್ಥ ಮಾಡಿಕೊಂಡು, ಒದ್ದೆ ಬಟ್ಟೆಯಲ್ಲಿ ಆ ಗೀಟು ಒರೆಸಿ, ಹಳೆಯ ಬೆಲೆಯನ್ನೇ ದಪ್ಪಗೆ ತಿದ್ದಿದ. ಅಲ್ಲಿಂದ ಹೊರಟವನ ಅಂಗಿಯ ಕಂಕುಳು ಬಿಸಿಲು ಏರುವ ಮೊದಲೇ ಒದ್ದೆಯಾಗಿತ್ತು.

ಸಂಘದಲ್ಲಿ ಒಂದು ಪದ್ಧತಿ ಇತ್ತು. ಮಾತುಕತೆಗೆ ಹೋಗಿ ಬಂದವನು ಷರತ್ತುಗಳನ್ನು ಓದಬೇಕು, ಆಮೇಲೆ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕೇಳಿದ್ದಕ್ಕೆ ಸುಳ್ಳು ಹೇಳುವಂತಿಲ್ಲ, ಕೇಳದ್ದನ್ನು ಹೇಳುವಂತಿಲ್ಲ. ಹಿಂದೊಬ್ಬ ಕಾರ್ಯದರ್ಶಿ ಭಾಷಣ ಶುರುಮಾಡಿ, ಪಾಳಿ ಮುಗಿದು ಇನ್ನೊಂದು ಪಾಳಿಯ ಜನ ಬಂದರೂ ನಿಲ್ಲಿಸದಿದ್ದಾಗ, ಕೊನೆಗೆ ಜನ ಬೇಸತ್ತು ಯಾವುದಕ್ಕೆ ಎಂದು ತಿಳಿಯದೆಯೇ ಕೈ ಎತ್ತಿದ್ದರಂತೆ. ಅಂದಿನಿಂದ ಈ ಕಟ್ಟುಪಾಡು. ನಾಲ್ಕಾರು ಸಲ ಅವನೇ ಇದನ್ನು ಬೇರೆಯವರಿಗೆ ಹೆಮ್ಮೆಯಿಂದ ವಿವರಿಸಿದ್ದ. ಈಗ ಅದೇ ಕಟ್ಟುಪಾಡು ಅವನ ಅಡಗುತಾಣವಾಗಿತ್ತು. ಯಾರೂ ಕರೆಂಟಿನ ಬಗ್ಗೆ ಕೇಳದಿದ್ದರೆ ಅವನು ಸುಳ್ಳುಗಾರನಲ್ಲ. ಕೇಳಿದರೆ ಹೇಳಲೇಬೇಕು, ಹೇಳಿದರೆ ಒಪ್ಪಂದ ಮುರಿದುಬೀಳುತ್ತದೆ, ಆದರೆ ಅದಕ್ಕೂ ಅವನು ಹೊಣೆಯಲ್ಲ. ಎರಡೂ ಕಡೆಯಿಂದ ಅವನ ಕೈ ತೊಳೆದುಕೊಡುವ ಒಳ್ಳೆಯ ಪದ್ಧತಿ. ಕೇಳಲಿ ಎಂದು ಬಯಸಿದ, ಕೇಳದಿರಲಿ ಎಂದು ಅದಕ್ಕಿಂತ ಹೆಚ್ಚು ಬಯಸಿದ, ಹೀಗೆ ಬಯಸುವ ತನ್ನ ಮೇಲೆ ಹೇಸಿಗೆಪಟ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಎನ್ನುತ್ತಿದ್ದಳು ಅವ್ವ. ತನ್ನದು ಒಂದು ಸಲಾಮಿಗೆ ಹೋಯಿತು, ಅಡಿಕೆಗಿಂತ ಅಗ್ಗಕ್ಕೆ.

ಕಾರ್ಖಾನೆಯೊಳಗೆ ಕುಲುಮೆಯ ಝಳ ಮುಖಕ್ಕೆ ಹೊಡೆಯಿತು. ಹೊಸಬರಿಗೆ ಅದು ಹೊಡೆತ. ಹಳಬರಿಗೆ ಮನೆಯ ಹೊಸ್ತಿಲು ದಾಟಿದ ಹಾಗೆ. ಈ ಕುಲುಮೆ ಆರುವಂತಿಲ್ಲ. ಆರಿದರೆ ಒಳಗಿನ ಗಾಜು ಹೆಪ್ಪುಗಟ್ಟಿ, ಕುಲುಮೆಯನ್ನೇ ಒಡೆದು ಹೊಸದು ಕಟ್ಟಬೇಕು. ದೊಡ್ಡ ಮುಷ್ಕರದ ಕಾಲದಲ್ಲಿ ಗೇಟಿನ ಹೊರಗೆ ಘೋಷಣೆ ಕೂಗುತ್ತಿದ್ದವರೇ ಸರದಿಯ ಮೇಲೆ ಒಳಗೆ ಬಂದು, ಸಂಬಳವಿಲ್ಲದೆ, ಕುಲುಮೆಗೆ ಉರಿ ಕೊಟ್ಟು ಹೋಗುತ್ತಿದ್ದರು. ಆರಿಸಿಬಿಟ್ಟರೆ ಮಾಲೀಕ ಒಂದೇ ದಿನದಲ್ಲಿ ಮಂಡಿಯೂರುತ್ತಾನೆ ಎಂದು ಬಿಸಿರಕ್ತದವರು ಹೇಳಿದಾಗ, ಆರಿಸಿದ ಮೇಲೆ ನಾವು ಎಲ್ಲಿಗೆ ಕೆಲಸಕ್ಕೆ ಬರೋದು ಎಂದು ಎದ್ದು ಕೇಳಿದವನು ಅವನೇ. ಅವತ್ತು ಅವನ ವಯಸ್ಸು ಸಣ್ಣದು, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಅಂದಿನಿಂದ ಜನ ಅವನ ಮಾತು ಕೇಳುವುದನ್ನು ಅಭ್ಯಾಸ ಮಾಡಿಕೊಂಡರು. ಜನರ ಈ ಅಭ್ಯಾಸವನ್ನೇ ಮಂತ್ರಿಗಳು ಕೇಳಿದ್ದು. ಮೇಜಿನ ಮೇಲಿನ ಪೆನ್ನು ಕೊಟ್ಟ ಹಾಗೆ ಅವನು ಕೊಟ್ಟು ಬಂದಿದ್ದ.

ಕ್ಯಾಂಟೀನಿನಲ್ಲಿ ಅಕ್ಕ ಅವನಿಗಾಗಿ ಬೆಂಚಿನ ಮೇಲೆ ಜಾಗ ಹಿಡಿದಿದ್ದಳು. ಅವಳು ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುವ ವಿಭಾಗದವಳು. ಅವನಿಗೆ ಇಲ್ಲಿ ಕೆಲಸ ಕೊಡಿಸಿದವಳೂ ಅವಳೇ. ಭಾವ ಹೋದ ಮೇಲೆ ಮಗಳೊಬ್ಬಳನ್ನು ಓದಿಸುತ್ತ ಒಂಟಿಯಾಗಿ ಸಂಸಾರ ಎಳೆಯುತ್ತಿದ್ದಳು. "ಸಂಬಳದ ದಿನ ಬಂತು ಅಂದ್ರೆ ನನಗೆ ಎದೆ ಡವಡವ ಅನ್ನುತ್ತೆ ಕಣೋ," ಎಂದಳು ಟೀ ಆರಿಸುತ್ತ. "ಕೈಗೆ ಬಿದ್ದ ಕೂಡಲೇ ಅಂಗಡಿಗೆ ಓಡಬೇಕು. ಒಂದು ದಿನ ತಡ ಆದ್ರೆ ಅದೇ ದುಡ್ಡಿಗೆ ಚೀಲ ತುಂಬಲ್ಲ. ಬೇಕೋ ಬೇಡ್ವೋ, ಸೋಪು, ಎಣ್ಣೆ, ಬೆಂಕಿಪೊಟ್ಟಣ ತಂದು ಮಂಚದ ಕೆಳಗೆ ತುಂಬಿಟ್ಟಿದೀನಿ. ಮಗಳು ನಗ್ತಾಳೆ, ಅಮ್ಮ ಅಂಗಡಿ ಇಡ್ತೀಯಾ ಅಂತ. ಒಂದು ತಿಂಗಳು, ಒಂದೇ ಒಂದು ತಿಂಗಳು ಓಡದೆ ನಡ್ಕೊಂಡು ಹೋಗಿ ಸಾಮಾನು ತಂದ್ರೆ ಸಾಕು ನನಗೆ." ಅವಳ ಬೆರಳ ತುದಿಗಳಲ್ಲಿ ರಟ್ಟಿನ ಪೆಟ್ಟಿಗೆ ಕೊಯ್ದ ಸಣ್ಣ ಗಾಯಗಳು. ಅವನು ಅತ್ತ ನೋಡದೆ, "ಸಭೇಲಿ ಏನಾದರೂ ಕೇಳೋದಿದ್ರೆ ಕೇಳಕ್ಕಾ," ಎಂದ. ದನಿ ತನಗೇ ವಿಚಿತ್ರವಾಗಿ ಕೇಳಿಸಿತು. "ಸರಕಾರ ಏನು ಮಾಡುತ್ತೆ, ಅದರ ದರಗಳೆಲ್ಲ ಹೆಂಗೆ, ಅಂತ ಏನಾದರೂ." ಅಕ್ಕ ನಕ್ಕಳು. "ನಿನ್ನನ್ನ ನಾನು ಕೇಳೋದೇನಿದೆ? ಎತ್ತಿ ಆಡಿಸಿದೋಳು ನಾನು. ನಿನ್ನ ಹೊಟ್ಟೇಲಿರೋದು ನನಗೆ ಗೊತ್ತಿಲ್ವಾ? ನೀನು ಓದು, ನಾನು ಕೈ ಎತ್ತುತೀನಿ. ನಮ್ಮ ಸಾಲಿನ ಹೆಂಗಸರಿಗೂ ಹೇಳಿದೀನಿ, ನನ್ನ ತಮ್ಮ ಬರಿಗೈಲಿ ಬರೋನಲ್ಲ ಅಂತ." ಟೀ ನಾಲಿಗೆ ಸುಟ್ಟಿತು, ಅದು ಒಳ್ಳೆಯದೇ ಆಯಿತು, ಮಾತಾಡದಿರಲು ಒಂದು ನೆಪ ಸಿಕ್ಕಿತು.

ಮಂತ್ರಿಗಳ ಆಪ್ತ ಸಹಾಯಕ, ಆ ಕನ್ನಡಕದವನ ಫೋನು ಬಂದಾಗ ಅವನು ಶೌಚಾಲಯದ ತೊಟ್ಟಿಯ ಮುಂದೆ ಬಾಯಿ ಮುಕ್ಕಳಿಸುತ್ತಿದ್ದ. "ಎಲ್ಲ ಸರಿಯಾಗಿದೆಯಲ್ಲ? ನಿಮ್ಮದು ಹಳೇ ಸಂಘ, ನೀವು ಒಪ್ಪಿದ್ರೆ ಉಳಿದವರೆಲ್ಲ ಹಿಂದೇನೇ ಬರ್ತಾರೆ. ಟೀವಿಯವರನ್ನ ಸಂಜೆಗೆ ಕರೆಸಿದೀವಿ. ಮಂತ್ರಿಗಳ ಪಕ್ಕದ ಕುರ್ಚಿ ನಿಮ್ಮದೇ." ಪಕ್ಕದ ಕುರ್ಚಿ. ಅವನು ಏನನ್ನಾದರೂ ಕೇಳಬೇಕೆಂದುಕೊಂಡ: ಕರೆಂಟಿನ ದರವನ್ನು ಒಪ್ಪಂದದಲ್ಲೇ ಬರೆದುಬಿಡಿ, ಯಾಕೆ ಏರುತ್ತೆ, ಎಷ್ಟು ಏರುತ್ತೆ, ಇಷ್ಟಕ್ಕೆ ನಿಲ್ಲುತ್ತೆ ಅಂತ ಹೇಳಿಬಿಡಿ, ಜನ ದಡ್ಡರಲ್ಲ. ಬಾಯಿಯಲ್ಲಿ ನೀರಿತ್ತು. ಉಗುಳುವಷ್ಟರಲ್ಲಿ ಅತ್ತಲಿಂದ, "ಆಲ್ ದ ಬೆಸ್ಟ್, ಅಣ್ಣಾ," ಎಂದು ಕೇಳಿಸಿತು. ಅಣ್ಣಾ! ಫೋನು ಜೇಬಿಗಿಟ್ಟು ಮುಖಕ್ಕೆ ನೀರು ಎರಚಿಕೊಂಡ. ಆ ಮಾತು ಮುಖಕ್ಕೆ ಅಂಟಿದ ಹಾಗಿತ್ತು, ತೊಳೆದಷ್ಟೂ ಹೋಗಲಿಲ್ಲ.

ಸಭೆ ಗೋದಾಮಿನಲ್ಲಿ. ಖಾಲಿ ಬಾಟಲಿಗಳ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಸೂರು ಮುಟ್ಟುವಂತೆ ಪೇರಿಸಿದ್ದವು. ಮುಗಿಸಿದ ಪಾಳಿಯವರು ಬೆವರು ಒರೆಸಿಕೊಳ್ಳುತ್ತ, ಶುರುಮಾಡುವ ಪಾಳಿಯವರು ತಲೆ ಬಾಚಿಕೊಂಡು, ಎರಡು ಬೇರೆ ಬೇರೆ ಊರಿನವರ ಹಾಗೆ ಎದುರುಬದುರು ನೆಲದ ಮೇಲೆ ಕೂತಿದ್ದರು. ಸಂಘದ ಅಧ್ಯಕ್ಷರು ಕುಲುಮೆಯ ಹಿರಿಯ ಕೆಲಸಗಾರರು, ಹುಬ್ಬು ಸುಟ್ಟುಹೋಗಿ ಯಾವಾಗಲೂ ಅಚ್ಚರಿಗೊಂಡವರ ಹಾಗೆ ಕಾಣುವವರು. ಅವರು ತಟ್ಟೆ ಬಡಿದು ಸದ್ದಡಗಿಸಿದರು. ಅವನು ಓದಿದ. ಓದುವಾಗ ಸಂಬಳದ ಷರತ್ತಿಗೆ ಗುಸುಗುಸು ಎದ್ದಿತು, ಮಾಲೀಕರ ಷರತ್ತಿಗೆ ಯಾರೋ ಸಿಳ್ಳೆ ಹೊಡೆದರು, ಸರಕಾರದ ಷರತ್ತು ಯಾರನ್ನೂ ತಾಗದೆ ದಾಟಿಹೋಯಿತು. ಆಮೇಲೆ ಪ್ರಶ್ನೆಗಳು. ಬೂಟಿನ ಭತ್ಯೆ ಹಾಗೇ ಇರುತ್ತಾ? ಇರುತ್ತೆ. ಹೆರಿಗೆ ರಜೆ? ಅದಕ್ಕೂ ಇದಕ್ಕೂ ಸಂಬಂಧವಿಲ್ಲ. "ಕ್ಯಾಂಟೀನಿನ ಟೀ ರೇಟು ಏರಿಲ್ಲ ನಿಜ, ಆದ್ರೆ ಲೋಟ ಇಳಿದಿದೆ. ಇದು ಒಪ್ಪಂದದಲ್ಲಿ ಬರುತ್ತಾ?" ಇಡೀ ಗೋದಾಮು ನಕ್ಕಿತು, ಅಧ್ಯಕ್ಷರೂ ನಕ್ಕರು. ನಗು ಇಳಿಯುವ ಮೊದಲೇ ಎರಡನೆಯ ಪಾಳಿಯ ಯಂತ್ರದ ಹುಡುಗ, ಸದಾ ಕೆಂಪು ಅಂಗಿ ತೊಡುವವನು, ಎದ್ದು ನಿಂತ. "ಎಲ್ಲೋ ಏನೋ ಮುಚ್ಚಿಟ್ಟಿದಾರೆ ಅನ್ಸುತ್ತೆ ನನಗೆ," ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕಾರ್ಯದರ್ಶಿಯ ಕೈ ತಾನಾಗಿ ಕೊರಳಪಟ್ಟಿಗೆ ಹೋಯಿತು. ಆದರೆ ಹುಡುಗ ಹೇಳಿದ್ದು ಮಾಲೀಕರ ಬಗ್ಗೆ. "ಮಾಲೀಕರು ಹೆಸರು ಬದಲಾಯಿಸಿ ಹೊಸ ಬಾಟಲಿ ಅಂತ ಹೆಚ್ಚು ಬೆಲೆಗೆ ಮಾರಿದ್ರೆ ತಡೆಯೋರು ಯಾರು? ಸರಕಾರ ತನ್ನ ಕಡೆಯಿಂದ ಏನು ಮಾಡುತ್ತೆ?" ಮೊದಲಿನದಕ್ಕೆ ಅವನು ಪರಿಶೀಲನಾ ಸಮಿತಿಯ ಬಗ್ಗೆ ಹೇಳಿದ. ಎರಡನೆಯದಕ್ಕೆ, "ದರಗಳನ್ನ ಹಿಡಿದಿಡೋಕೆ ಪ್ರಯತ್ನ ಮಾಡುತ್ತೆ ಅಂತ ಬರೆದಿದೆ," ಎಂದ. ಬರೆದಿದ್ದು ನಿಜ. ಒಂದು ಅಕ್ಷರವೂ ಸುಳ್ಳಿಲ್ಲ. ಹುಡುಗ ಇನ್ನೂ ಏನೋ ಕೇಳಲು ಬಾಯಿ ತೆರೆದ. ಹಿಂದಿನಿಂದ ಯಾರೋ, "ಕೂತ್ಕೊಳೋ ಮಾರಾಯ, ಹೊಟ್ಟೆ ಹಸೀತಿದೆ," ಎಂದು ಅವನ ಅಂಗಿ ಎಳೆದರು. ಹುಡುಗ ಕೂತ.

"ಇನ್ನು ಯಾರದಾದರೂ ಪ್ರಶ್ನೆ ಇದೆಯಾ?" ಎಂದರು ಅಧ್ಯಕ್ಷರು. ಇರಲಿಲ್ಲ. ಬಾಗಿಲ ಆಚೆ ಯಂತ್ರದಿಂದ ಬಾಟಲಿಗಳು ಒಂದರ ಹಿಂದೊಂದು ಸಾಗುವ ಕಿಣಿಕಿಣಿ. ಮುಗಿಯಿತು, ಯಾರೂ ಕೇಳಲಿಲ್ಲ, ತಾನು ಬಚಾವಾದೆ ಎಂದುಕೊಂಡ. "ಒಪ್ಪುವವರು ಕೈ ಎತ್ತಿ." ಮೊದಲು ಎದ್ದದ್ದು ಅಕ್ಕನ ಕೈ. ಆಮೇಲೆ ಅವಳ ಸಾಲಿನದು, ಕುಲುಮೆಯವರದು, ಎರಡನೆಯ ಪಾಳಿಯವರದು. ಹೊಟ್ಟೆ ಹಸಿದವನು ಎರಡೂ ಕೈ ಎತ್ತಿದ್ದ. ಎಣಿಸುವ ಅಗತ್ಯವೇ ಇಲ್ಲದಷ್ಟು. ಕೈ ಎತ್ತಿದ್ದ ಅಕ್ಕ ಹಿಂದಕ್ಕೆ ತಿರುಗಿ, ಇನ್ನೂ ಅನುಮಾನದಲ್ಲಿ ತೊಡೆಯ ಮೇಲೆ ಕೈ ಇಟ್ಟುಕೊಂಡಿದ್ದ ಒಬ್ಬ ಹೆಂಗಸಿನ ಮೊಣಕೈ ಹಿಡಿದು, ಎತ್ತೇ, ನಾನಿದೀನಲ್ಲ ಎನ್ನುವ ಹಾಗೆ, ಮೆಲ್ಲಗೆ ಮೇಲಕ್ಕೆ ತಂದಳು. ಆ ಹೆಂಗಸು ಅಕ್ಕನ ಮುಖ ನೋಡಿ, ನಕ್ಕು, ಕೈ ಎತ್ತಿದಳು.

"ಕೈ ಇಳಿಸಿ," ಎಂದ ಅವನು.

"ಎಣಿಕೆ ನಡೀತಿದೆ," ಎಂದರು ಅಧ್ಯಕ್ಷರು. "ಕಾರ್ಯದರ್ಶಿಗಳು ಕೂತ್ಕೊಬೇಕು."

"ದಯವಿಟ್ಟು ಎಲ್ಲರೂ ಕೈ ಇಳಿಸಿ. ಒಂದು ಮಾತು ಇದೆ."

"ಯಾರೂ ಕೇಳಿಲ್ಲವಲ್ಲಪ್ಪ?"

"ಕೇಳಿಲ್ಲ. ಆದರೂ ಹೇಳ್ತೀನಿ."

ಕೈಗಳು ಇಳಿದವು. ಏಕೆ ಎಂದು ಗೊತ್ತಿಲ್ಲದೆಯೇ ಇಳಿದವು. ಅವನು ಓದಿದ ಎಂದು ಎದ್ದ ಹಾಗೆಯೇ, ಅವನು ಹೇಳಿದ ಎಂದು ಇಳಿದವು. ಅವನು ಹೇಳಿದ. ಚುನಾವಣೆ ಮುಗಿದ ಮೇಲೆ ಕರೆಂಟಿನ ದರ ಏರುತ್ತೆ, ಎಷ್ಟು ಅಂತ ನನಗೆ ಗೊತ್ತಿಲ್ಲ, ಏರುತ್ತೆ ಅಂತ ಮಾತ್ರ ಗೊತ್ತು, ಲಿಫ್ಟಿನಲ್ಲಿ ಹೇಳಿದರು, ನಾನು ತಲೆ ಆಡಿಸಿದೆ. ಹೇಳುವಾಗ ಸಲಾಮಿನ ವಿಷಯವನ್ನೂ ಹೇಳಬೇಕೆನಿಸಿತು, ಆದರೆ ಅದು ಇವರಿಗೆ ಯಾಕೆ ಎಂದು ಬಿಟ್ಟ. ಗದ್ದಲವೆದ್ದಿತು. ಕೆಂಪು ಅಂಗಿಯವನು ಹಾರಿ ನಿಂತು, "ಮೂಗಿಗೆ ತುಪ್ಪ ಸವರೋಕೆ ಬಂದಿದ್ರಾ?" ಎಂದು ಕೂಗಿದ. ಇನ್ನೊಬ್ಬರು, "ಈಗ ಹೇಳೋಕೆ ಯಾರು ಎಷ್ಟು ಕೊಟ್ರು?" ಎಂದರು. ಎಲ್ಲಕ್ಕೂ ಅವನು ಸಿದ್ಧನಾಗಿದ್ದ. ಅಕ್ಕ ಎದ್ದು ನಿಲ್ಲುವುದಕ್ಕೆ ಮಾತ್ರ ಸಿದ್ಧನಾಗಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ಗದ್ದಲ ತಾನಾಗಿ ಅಡಗುವವರೆಗೂ ಕಾದಳು.

"ಕಾರ್ಯದರ್ಶಿಗಳು ಈ ಒಪ್ಪಂದ ಈಗಲೂ ಬೇಕು ಅಂತಾರಾ, ಬೇಡ ಅಂತಾರಾ?"

ಇಷ್ಟು ವರ್ಷದಲ್ಲಿ ಅವಳು ಅವನನ್ನು ಹಾಗೆ ಕರೆದದ್ದು ಇದೇ ಮೊದಲು. "ಬೇಕು ಅಂತೀನಿ," ಎಂದ. "ಕರೆಂಟು ಏರಿದ್ರೂ ಬೇಕು. ನಾವು ನಿಲ್ಲದೆ ಹೋದ್ರೆ ಬ್ಯಾಂಕಿನವರು ಬಡ್ಡಿ ಏರಿಸ್ತಾರೆ, ಆಗ ಈ ಕುಲುಮೇನೇ ಆರುತ್ತೆ. ಅವರನ್ನ ನಂಬಿ ಅಂತ ಹೇಳ್ತಿಲ್ಲ. ಯಾರಾದರೂ ಮೊದಲು ನಿಲ್ಲಬೇಕಲ್ಲ."

"ಅದನ್ನ ಮೊದಲೇ ಹೇಳೋಕೆ ನಿನಗೇನು ಬಂದಿತ್ತೋ ರೋಗ?" ಎಂದಳು ಅಕ್ಕ. ದನಿ ಒಡೆದಿತ್ತು. "ಹೇಳಿದ್ರೆ ನಮಗೆ ತಿಳಿಯಲ್ಲ ಅಂದ್ಕೊಂಡ್ಯಾ? ಆ ಲಿಫ್ಟಿನೋನ ಹಾಗೆ ನೀನೂ?"

ಕೇಳಿದ್ದಕ್ಕೆ ಉತ್ತರ ಕೊಡದೆ ಅವನು ಆ ಗೋದಾಮಿನಲ್ಲಿ ನಿಂತದ್ದೂ ಅದೇ ಮೊದಲು. ಅಧ್ಯಕ್ಷರು ತಟ್ಟೆ ಬಡಿದರು, ಒಂದಲ್ಲ, ಮೂರು ಸಲ. "ಈಗ ಎಲ್ಲ ಕೇಳಿಸ್ಕೊಂಡಿದೀರಿ. ಒಪ್ಪುವವರು ಕೈ ಎತ್ತಿ." ಯಾರೂ ಎತ್ತಲಿಲ್ಲ. ಎಲ್ಲರೂ ಅವನನ್ನು ನೋಡುತ್ತಿದ್ದರು. ಕಾರ್ಯದರ್ಶಿಗೂ ಒಂದು ಮತ ಉಂಟು ಎಂಬುದು ಇಷ್ಟು ದಿನ ಯಾರಿಗೂ, ಅವನಿಗೂ, ನೆನಪಾಗಿರಲಿಲ್ಲ. ಕೈ ಮರದ ಕೊರಡಿನಷ್ಟು ಭಾರವಿತ್ತು. ಎತ್ತಿದ. ಒಬ್ಬನೇ ಕೈ ಎತ್ತಿಕೊಂಡು ನಿಂತಾಗ ಕಂಕುಳಿನ ಬೆವರಿನ ಕಲೆ ಎಲ್ಲರಿಗೂ ಕಾಣುತ್ತಿದೆ ಎಂದು ನಾಚಿಕೆಯಾಯಿತು. ತುಂಬ ಹೊತ್ತಾದ ಮೇಲೆ ಕುಲುಮೆಯವರ ಕಡೆಯಿಂದ ಒಂದು ಕೈ ಎದ್ದಿತು. ಆಮೇಲೆ ಬೂಟಿನ ಭತ್ಯೆ ಕೇಳಿದವನದು. ಆಮೇಲೆ, ಯಾರ ಕಡೆಗೂ ನೋಡದೆ, ನೆಲ ನೋಡುತ್ತ, ಬೈದುಕೊಳ್ಳುತ್ತ, ಕೆಂಪು ಅಂಗಿಯವನದು. ಒಂದೊಂದೇ, ತಮ್ಮೊಳಗೆ ಲೆಕ್ಕ ಹಾಕಿ, ಬಿಟ್ಟು, ಮತ್ತೆ ಹಾಕಿ, ಎತ್ತಿದರು. ಈ ಸಲ ಎಣಿಸಬೇಕಾಯಿತು. ಅಧ್ಯಕ್ಷರು ಎರಡು ಸಲ ಎಣಿಸಿ, ಒಪ್ಪಿಗೆಯಾಗಿದೆ, ಕೂದಲೆಳೆಯಷ್ಟು ಅಂತರದಲ್ಲಿ, ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನ ಮಾತು ಕೇಳಿ ಎತ್ತಿದ ಕೈ ಇವುಗಳಲ್ಲಿ ಒಂದೂ ಇರಲಿಲ್ಲ. ಅದು ಅವನಿಗೆ ತಿಳಿಯಿತು, ಎದೆಯ ಮೇಲಿನ ಭಾರ ಇಳಿದಂತೆಯೂ ಆಯಿತು, ಏನೋ ಕಳೆದುಕೊಂಡಂತೆಯೂ ಆಯಿತು. ಜನ ಎದ್ದು, ಬಟ್ಟೆಯ ದೂಳು ಕೊಡವಿ, ಒಂದು ಪಾಳಿ ಒಳಗೆ ಹೋಯಿತು, ಒಂದು ಹೊರಗೆ. ಅಕ್ಕ ಮಾತ್ರ ತನ್ನ ಸಾಲಿನಲ್ಲಿ ಕೂತೇ ಇದ್ದಳು. ಅವನು ಕೈ ಇಳಿಸುವುದನ್ನು ಮರೆತು ಅವಳನ್ನೇ ನೋಡಿದ. ಅವಳು ಎರಡೂ ಕೈಗಳನ್ನು, ಎಣಿಕೆಯ ಹೊತ್ತಿನಲ್ಲಿ ಇದ್ದ ಹಾಗೆಯೇ, ಕಂಕುಳಲ್ಲಿ ಬಿಗಿಯಾಗಿ ಕಟ್ಟಿಕೊಂಡಿದ್ದಳು.